ಕೊಡೈಕೆನಾಲ್‌ನಲ್ಲಿ ಸೂರ್ಯನ ಮಚ್ಚೆ ನೋಡಿದ್ದು

ಕೊಡೈಕೆನಾಲ್‌ಗೆ ಹೋದವರು ಕೆರೆ, ಕೋಕರ್ಸ್ ವಾಕ್, ಪಿಲ್ಲರ್ ರಾಕ್ಸ್ ನೋಡಿ, ಚಾಕಲೇಟ್ ಕಟ್ಟಿಸಿಕೊಂಡು ವಾಪಸ್ ಬರುತ್ತಾರೆ. ಊರಿನ ಮೇಲಿನ ಗುಡ್ಡದಲ್ಲಿ ಸೌರ ವೀಕ್ಷಣಾಲಯ ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಾವು ಬೆಳಗ್ಗೆ ತಿಂಡಿ ಆದ ಕೂಡಲೇ ಅಲ್ಲಿಗೇ ಹೊರಟೆವು. ಹೊತ್ತೇರಿದ ಮೇಲೆ ಮಂಜು ಕವಿದರೆ ಸೂರ್ಯನೇ ಸಿಗುವುದಿಲ್ಲ, ಅಲ್ವಾ?

ಜಾಗ ಸಮುದ್ರಮಟ್ಟದಿಂದ ಸುಮಾರು 2,343 ಮೀಟರ್ ಎತ್ತರದಲ್ಲಿದೆ. ಬಿಸಿಲಿದ್ದರೂ ಸ್ವೆಟರ್ ಬಿಚ್ಚುವ ಮನಸ್ಸಾಗಲಿಲ್ಲ.

ಇದು ಶುರುವಾದ ಕಥೆಯ ಹಿಂದೆ ಒಂದು ಬರ ಇದೆ. 1876–78ರ ಆ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜೊತೆ ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಸತ್ತರು. ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳಿಗೂ ಮಳೆಗೂ ನಂಟಿರಬಹುದು ಅಂತ ಆಗಿನ ವಿಜ್ಞಾನಿಗಳು ಅಂದುಕೊಂಡಿದ್ದರು. ಹಾಗಾಗಿ ಸೂರ್ಯನನ್ನು ದಿನಾ ಗಮನಿಸಬೇಕು ಅನ್ನುವ ಮಾತು ಬಂತು. 1899ರಲ್ಲಿ ಮದ್ರಾಸಿನ ಹಳೇ ವೀಕ್ಷಣಾಲಯದ ಕೆಲಸ ಈ ಗುಡ್ಡಕ್ಕೆ ಬಂತು. ಕಲೆ ನೋಡಿ ಮಳೆ ಹೇಳುವ ಲೆಕ್ಕವೇನೋ ಕೈಹಿಡಿಯಲಿಲ್ಲ. ಆದರೆ ನೋಡುವ ಕೆಲಸ ನಿಲ್ಲಲಿಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲದ ಸೂರ್ಯನ ಚಿತ್ರಗಳು ಇಲ್ಲಿವೆ. ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ಆಸ್ತಿ ಇದೇ. ಈಗ ಇದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ಮ್ಯೂಸಿಯಂನಲ್ಲಿ ಚಾರ್ಟು, ಫೋಟೊಗಳಿವೆ. ಜನ ಸೇರಿದ್ದು ಮಾತ್ರ ಸೂರ್ಯನ ಬಿಂಬದ ಮುಂದೆ. ಕನ್ನಡಿಗಳು ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ ಕೊಡುತ್ತವೆ. ಕಣ್ಣಿಗೆ ಅಪಾಯವಿಲ್ಲ. ಬಿಳಿ ತಟ್ಟೆಯಂಥ ಆ ಬಿಂಬದ ಮೇಲೆ ಎರಡು ಸಣ್ಣ ಕಪ್ಪು ಚುಕ್ಕೆ. "ಅಮ್ಮಾ, ಸೂರ್ಯಂಗೂ ಮಚ್ಚೆನಾ?" ಅಂತ ನಮ್ಮ ಹುಡುಗಿ ಕೇಳಿದಳು. ಪಕ್ಕದಲ್ಲಿದ್ದ ತಮಿಳು ಕುಟುಂಬಕ್ಕೂ ಅರ್ಥವಾಯಿತೇನೋ, ನಕ್ಕರು. ಮಚ್ಚೆ ಅಂದರೂ ತಪ್ಪಿಲ್ಲ. ಸುತ್ತಲಿನ ಜಾಗಕ್ಕಿಂತ ಅಲ್ಲಿ ಬಿಸಿ ಕಡಿಮೆ, ಅದಕ್ಕೇ ಕಪ್ಪಾಗಿ ಕಾಣುತ್ತದೆ. ಕಡಿಮೆ ಅಂದರೂ ಸುಮಾರು 4,000 ಡಿಗ್ರಿ! ಇಂಥ ಕಲೆಗಳ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಅಂತ 1909ರಲ್ಲಿ ಬ್ರಿಟಿಷ್ ಖಗೋಳವಿಜ್ಞಾನಿ ಜಾನ್ ಎವರ್‌ಶೆಡ್ ಕಂಡುಹಿಡಿದದ್ದು ಇದೇ ಗುಡ್ಡದಲ್ಲಿ. ಪ್ರಪಂಚದಾದ್ಯಂತ ಅದಕ್ಕೆ ಈಗಲೂ ಅವರದೇ ಹೆಸರು.

ಹೊರಗೆ 11 ಮೀಟರಿನ ಗೋಪುರ ಕಾಣುತ್ತದೆ. ಅದರ ತುದಿಯ ಕನ್ನಡಿ ಹಿಡಿದ ಬಿಸಿಲು ಕೆಳಗಿಳಿದು, 60 ಮೀಟರ್ ಉದ್ದದ ಸುರಂಗದೊಳಗೆ ಹೋಗಿ, 34 ಸೆಂಟಿಮೀಟರ್ ಅಗಲದ ಸೂರ್ಯಬಿಂಬವಾಗುತ್ತದೆ. ಸೂರ್ಯನ ಅಡ್ಡಳತೆ ಭೂಮಿಯ 109 ಪಟ್ಟು. ಹಾಗಾಗಿ ಆ ಬಿಂಬದ ಅಳತೆಯಲ್ಲಿ ನಮ್ಮ ಭೂಮಿ ಒಂದು ಎಳ್ಳುಕಾಳಿನಷ್ಟು. ಮಗಳಿಗೆ ಇದನ್ನು ಹೇಳಿದರೆ ಅವಳು ನಂಬಲಿಲ್ಲ, ಬೆರಳಲ್ಲಿ ಅಳೆದು ತೋರಿಸಬೇಕಾಯಿತು.

ಹೋಗುವವರು ಜನವರಿಯಿಂದ ಮಾರ್ಚ್ ಒಳಗೆ, ಆಕಾಶ ತಿಳಿಯಾಗಿರುವ ಬೆಳಗ್ಗೆ ಹೋಗಿ. ಜನರನ್ನು ಒಳಗೆ ಬಿಡುವ ವೇಳೆ ಯಾವುದು ಅಂತ ಮೊದಲೇ ವಿಚಾರಿಸಿಕೊಳ್ಳಿ. ಬೋಟಿಂಗ್ ಮಧ್ಯಾಹ್ನಕ್ಕಿರಲಿ, ಮಂಜಿದ್ದರೂ ಅದಕ್ಕೇನೂ ತೊಂದರೆಯಿಲ್ಲ.