ದಂಟಿನೊಳಗಿನ ಕಿಡಿ

ಎರಡು ದಿನದಿಂದ ಒಂದು ಗಿಡ ತಲೆಯಲ್ಲೇ ಕೂತಿದೆ.

ಗ್ರೀಕರ ಕಥೆಯಲ್ಲಿ ಪ್ರೊಮೀಥಿಯಸ್, ದೇವತೆಗಳ ರಾಜ ಜ್ಯೂಸ್‌ನ ಕಣ್ಣು ತಪ್ಪಿಸಿ ಮನುಷ್ಯರಿಗೆ ಬೆಂಕಿ ತಂದುಕೊಟ್ಟ ಅಂತ ಗೊತ್ತಿತ್ತು. ಪಂಜು ಹಿಡಿದು ಓಡಿ ಬಂದಿರಬೇಕು ಅಂದುಕೊಂಡಿದ್ದೆ. ಅಲ್ಲ. ಒಂದು ಗಿಡದ ದಂಟಿನೊಳಗೆ ಅಡಗಿಸಿ ತಂದ. ಸೋಂಪಿನ ನೆಂಟ ಅನ್ನಬಹುದಾದ, ಆಳೆತ್ತರ ಬೆಳೆಯುವ ಗಿಡ ಅದು. ಒಣಗಿದ ದಂಟಿಗೆ ಕಿಡಿ ತಾಗಿಸಿದರೆ ಒಳಗಿನ ತಿರುಳು ಮಾತ್ರ ನಿಧಾನಕ್ಕೆ ಕೆಂಡವಾಗುತ್ತಾ ಹೋಗುತ್ತದೆ. ಹೊರಗಿನ ಸಿಪ್ಪೆ ಹಾಗೇ ಇರುತ್ತದೆ. ಆ ಕಡೆಯ ಜನ ನಿಜವಾಗಿಯೂ ಬೆಂಕಿಯನ್ನು ಹೀಗೇ ಒಯ್ಯುತ್ತಿದ್ದರು. ತಾವು ದಿನಾ ಮಾಡುತ್ತಿದ್ದ ಕೆಲಸವನ್ನೇ ಕಥೆಗೂ ಕೊಟ್ಟರು, ಅಲ್ವಾ? ಎಷ್ಟು ಚೆಂದ.

ಮನುಷ್ಯರನ್ನು ಮಣ್ಣಿನಿಂದ ಮಾಡಿದವನೂ ಅವನೇ ಅಂತ ಇನ್ನೊಂದು ಕಥೆ ಇದೆ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸಾನಿಯಸ್, ಪನೋಪಿಯಸ್ ಎಂಬ ಊರಿನ ಕೊರಕಲಲ್ಲಿ ಬಿದ್ದಿದ್ದ ಎರಡು ಕಲ್ಲುಗಳ ಬಗ್ಗೆ ಬರೆದಿದ್ದಾನೆ. ಒಂದೊಂದೂ ಒಂದು ಗಾಡಿ ತುಂಬುವಷ್ಟು ದೊಡ್ಡದು. ಜೇಡಿಮಣ್ಣಿನ ಬಣ್ಣ. ಮನುಷ್ಯರನ್ನು ಮಾಡಿ ಮಿಕ್ಕ ಮಣ್ಣು ಇದು ಅಂತ ಹೇಳುತ್ತಿದ್ದರಂತೆ. ಅವುಗಳ ವಾಸನೆ ಥೇಟ್ ಮನುಷ್ಯರ ಚರ್ಮದ ಹಾಗೇ ಇತ್ತು ಅಂತಾನೆ.

ಆ ವಾಸನೆಯ ಮಾತು ನನ್ನನ್ನು ಬಿಡುತ್ತಲೇ ಇಲ್ಲ. ಇವತ್ತು ಸಂಜೆ ಮಗಳು ಬಿಸಿಲಲ್ಲಿ ಆಡಿ ಬಂದು ಮಡಿಲಲ್ಲಿ ಕೂತಳು. ಸುಮ್ನೆ ಅವಳ ನೆತ್ತಿ ಮೂಸಿದೆ. ಬೆವರು, ಕೊಬ್ಬರಿ ಎಣ್ಣೆ, ಜೊತೆಗೆ ಸ್ವಲ್ಪ ಮಣ್ಣು.