ಮಡ್‌ಗಾರ್ಡ್ ಬಿಚ್ಚಿದ ಕಾರುಗಳ ನಡುವೆ ಮಾವನ ಜೊತೆ

1932ರ ಫೋರ್ಡ್ ರೋಡ್‌ಸ್ಟರ್‌ನ, ಅಂದರೆ ಗಟ್ಟಿ ಮಾಡಿಲ್ಲದ ತೆರೆದ ಕಾರಿನ, ನಾಲ್ಕೂ ಮಡ್‌ಗಾರ್ಡ್ ಬಿಚ್ಚಿ ಪಕ್ಕಕ್ಕಿಟ್ಟರೂ ಕಾರು ಬೋಳುಬೋಳಾಗಿ ಕಾಣುವುದಿಲ್ಲ. ಹಳೇ ಕಾರನ್ನು ವೇಗಕ್ಕಾಗಿ ಬದಲಿಸಿ ಕಟ್ಟುವ ‘ಹಾಟ್ ರಾಡ್’ ಹುಚ್ಚು ಹತ್ತಿದವರು ಆ ಒಂದು ವರ್ಷದ ಫೋರ್ಡನ್ನು ‘ಡ್ಯೂಸ್’ ಎಂದು ಕರೆದು ಅಷ್ಟೊಂದು ಹಚ್ಚಿಕೊಂಡಿದ್ದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಅದರ ಹಿಂದಿನ ಮಾಡೆಲ್ ಎ ಕಾರಿನಲ್ಲಿ ಚಾಸಿ ತಗಡಿನ ಮರೆಯಲ್ಲಿ ಅಡಗಿರುತ್ತಿತ್ತು. 1932ರಲ್ಲಿ ಮಾತ್ರ ಚಾಸಿಯ ಎರಡು ಪಕ್ಕದ ಉದ್ದನೆಯ ಉಕ್ಕಿನ ತೊಲೆಗಳು, ಅಂದರೆ ರೈಲುಗಳು, ಹೊರಗೆ ಕಾಣುವಂತೆ ಬಂದವು. ಬಾಡಿ ಬಾಗಿದ ಕಡೆ ಅವೂ ಬಾಗುತ್ತವೆ, ಮೈಮೇಲೆ ಒತ್ತಿ ಮೂಡಿಸಿದ ಗೆರೆಯೊಂದು ಮುಂದಿನಿಂದ ಹಿಂದಿನವರೆಗೆ ಸಾಗುತ್ತದೆ. ಮಡ್‌ಗಾರ್ಡ್, ಫುಟ್‌ಬೋರ್ಡ್ ತೆಗೆದುಹಾಕಿದರೆ ಆ ಗೆರೆ ಪೂರ್ತಿ ಕಣ್ಣಿಗೆ ಬೀಳುತ್ತದೆ. ಮುಂದಿನ ವರ್ಷ ಫೋರ್ಡ್ ಅದನ್ನು ಬದಲಿಸಿಬಿಟ್ಟಿತು.

ಇದನ್ನೆಲ್ಲ ನಾನು ವರ್ಷಗಟ್ಟಲೆ ನೋಡಿ, ಓದಿ, ಕೇಳಿ ತಿಳಿದುಕೊಂಡಿದ್ದೆ. ನನ್ನ ಸೋದರಮಾವ ಮೊದಲ ಸಲ ನೋಡಿದಾಗಲೇ ಹೇಳಿಬಿಟ್ಟರು. “ಚಾಸಿನ ಹೊರಗೆ ಬಿಟ್ಟಾನಲ್ಲೋ! ಅದಕ್ಕೇ ಗಾಡಿ ಉದ್ದ ಕಾಣ್ತತಿ.”

ಮಾವ ದಾವಣಗೆರೆಯವರು. ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಆಯುಷ್ಯವಿಡೀ ಟಿಂಕರಿಂಗ್ ಮಾಡಿದವರು. ಅಂಬಾಸಿಡರ್, ಪದ್ಮಿನಿ, ಮೆಟಡೋರ್, ಲಾರಿ ಕ್ಯಾಬಿನ್, ಏನು ಬಂದರೂ ಸುತ್ತಿಗೆ ಹಿಡಿದು ನೆಟ್ಟಗೆ ಮಾಡಿ ಕಳಿಸಿದ ಕೈ. ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ಜನವರಿಯ ಕೊನೆ. ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಪೊಮೋನಾದಲ್ಲಿ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ನಡೆಯುವ ಹೊತ್ತು. ಡಿಸ್ನಿಲ್ಯಾಂಡ್ ಆಮೇಲೆ ನೋಡೋಣ ಎಂದು ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಈ ಶೋ ಹುಟ್ಟಿದ್ದು ಉತ್ತರದ ಓಕ್‌ಲ್ಯಾಂಡ್‌ನಲ್ಲಿ. 2004ರಿಂದ ಪೊಮೋನಾದ ಜಾತ್ರೆ ಮೈದಾನದಲ್ಲಿ ನಡೆಯುತ್ತಿದೆ. ‘ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್’ ಎಂಬ ಪ್ರಶಸ್ತಿ 1950ರಲ್ಲಿ ಶುರುವಾಯಿತು. ಆಳೆತ್ತರ ಮೀರಿದ, ಒಂಬತ್ತು ಅಡಿಯ ಟ್ರೋಫಿ. ಮೊದಲ ಸಲ ಗೆದ್ದದ್ದು ಬಿಲ್ ನೀಕ್ಯಾಂಪ್ ಎಂಬವರು ಕಟ್ಟಿದ 1929ರ ಫೋರ್ಡ್ ಬಾಡಿಯ ಕಾರು. ಅದೇ ಕಾರು ಆಮೇಲೆ ಎಲ್ ಮಿರಾಜ್‌ನ ಬತ್ತಿದ ಕೆರೆಯ ಬಯಲಿನಲ್ಲಿ ಗಂಟೆಗೆ 140 ಮೈಲಿ ದಾಟಿ ಓಡಿತು. ಚಂದದ ಕಾರು ಓಡಲೂಬೇಕು ಎಂಬ ಹಟ ಆ ಕಾಲದವರಿಗಿತ್ತು. ನನಗೆ ಈ ಲೋಕದ ಮೇಲೆ ಪ್ರೀತಿ ಹುಟ್ಟಿದ್ದೇ ಆ ಹಟದಿಂದ.

ಯಾಕೆಂದರೆ ಈ ಕಾರುಗಳ ರೂಪವನ್ನು ಯಾವ ಕಂಪನಿಯವರೂ ಕಾಗದದ ಮೇಲೆ ಬರೆದು ಕೊಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಳೇ ಫೋರ್ಡ್ ಕೊಂಡು ಮ್ಯೂರಾಕ್, ಎಲ್ ಮಿರಾಜ್ ಬಯಲುಗಳಿಗೆ ಓಡಿಸಿಕೊಂಡು ಹೋಗುತ್ತಿದ್ದರು. ತೂಕ ಕಡಿಮೆಯಾಗಲಿ ಎಂದು ಮಡ್‌ಗಾರ್ಡ್ ಬಿಚ್ಚಿದರು. ಗಾಳಿ ತಡೆಯದಿರಲೆಂದು ಮುಂದಿನ ಗಾಜನ್ನು ಕತ್ತರಿಸಿ ಕುಳ್ಳಗೆ ಮಾಡಿದರು. ಎಂಜಿನ್ ಬಿಸಿ ಹೊರಹೋಗಲೆಂದು ಬಾನೆಟ್ಟಿಗೆ ಲೂವರ್ ಎಂಬ ಸಾಲುಸಾಲು ಸೀಳು ಹೊಡೆಸಿದರು. ಹಿಂದೆ ದೊಡ್ಡ ಟಯರು, ಮುಂದೆ ಚಿಕ್ಕದು; ಹಾಗಾಗಿ ಕಾರು ಮೂತಿ ತಗ್ಗಿಸಿ ನಿಂತಿತು. ಒಂದೊಂದೂ ವೇಗಕ್ಕಾಗಿ ಮಾಡಿದ್ದು. ಎಲ್ಲ ಸೇರಿ ಇಂಥ ಚೆಲುವು ಬಂತು.

ಪ್ರಶಸ್ತಿಗೆ ನಿಂತ ಕಾರುಗಳ ಹಾಲಿನಲ್ಲಿ ಸುತ್ತಲೂ ಹಗ್ಗ, ಕೆಳಗೆ ಕನ್ನಡಿ, ಮೇಲೆ ದೀಪ. ಚಾಸಿಯ ಅಡಿಭಾಗಕ್ಕೂ ಮೇಲಿನಷ್ಟೇ ಹೊಳಪು. ಮಾವ ಅಲ್ಲಿ ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ನಡೆದ ಹಾಗೆ ನಡೆದರು. ಕೆಲಸದ ಬಗ್ಗೆ ತಕರಾರಿಲ್ಲ, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನಗೂ ಆ ಹಾಲಿನ ಮೇಲೆ ಗೌರವ ಇದೆ. ಮನಸ್ಸು ನಿಲ್ಲುವುದು ಬೇರೆ ಕಡೆ.

ಅದು ಪಕ್ಕದ ಹಾಲಿನಲ್ಲಿ, ಗೋಡೆ ಬದಿಗಿತ್ತು. ಕಪ್ಪು ಬಣ್ಣದ 1932ರ ಹೈಬಾಯ್, ಅಂದರೆ ಬಾಡಿಯನ್ನು ಚಾಸಿಯ ಮೇಲೇ ಕೂರಿಸಿದ, ಮಡ್‌ಗಾರ್ಡ್ ಇಲ್ಲದ ರೋಡ್‌ಸ್ಟರ್. ಉಕ್ಕಿನ ಚಕ್ರಗಳಿಗೆ ಕೆಂಪು ಬಣ್ಣ, ಡ್ಯಾಶ್‌ಬೋರ್ಡಿನಲ್ಲಿ ಆ ವರ್ಷದ್ದೇ ಮೊಟ್ಟೆಯಾಕಾರದ ಮೀಟರ್ ಫಲಕ, ಹಿಂದೆ 1939ರ ಫೋರ್ಡಿನ ನೀರಹನಿಯಂಥ ಕೆಂಪು ದೀಪ. ಬೇರೆ ಅಲಂಕಾರವೇನೂ ಇಲ್ಲ. ಮಾವ ಕಾರಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು, ಒಂದು ಕಣ್ಣು ಮುಚ್ಚಿದರು. ಅವರು ಕಾರನ್ನು ನೋಡುತ್ತಿರಲಿಲ್ಲ. ಬಾಡಿಯ ಮೇಲೆ ಬಿದ್ದ ಚಾವಣಿಯ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡುತ್ತಿದ್ದರು.

“ಇಲ್ಲಿ ಕೂರು. ಆ ಬೆಳಕಿನ ಗೆರೆ ನೋಡು. ತಗಡು ಎಲ್ಲಾದ್ರೂ ಅಲೆ ಹೊಡೆದಿದ್ರೆ ಗೆರೆ ಅಲ್ಲಿ ನಡುಗ್ತತಿ.”

ನೋಡಿದೆ. ಡಿಕ್ಕಿಯ ಅಂಚಿನಿಂದ ಹೊರಟ ಬಿಳಿ ಗೆರೆ ಬಾಗಿಲು ದಾಟಿ ಬಾನೆಟ್ಟಿನ ತುದಿವರೆಗೆ ಒಂದೇ ಸಮ ಹರಿದಿತ್ತು. ಬಾಗಿಲ ಸಂದಿನಲ್ಲಿ ಕಡಿದು, ಆಚೆ ಅದೇ ಎತ್ತರದಲ್ಲಿ ಮತ್ತೆ ಶುರುವಾಗುತ್ತಿತ್ತು. ಆ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ. ರೋಡ್‌ಸ್ಟರ್‌ಗೆ ಗಟ್ಟಿ ಮಾಡು ಇಲ್ಲ, ಏರಿಸುವ ಇಳಿಸುವ ಕಿಟಕಿ ಗಾಜಿಲ್ಲ. ಮೇಲಿನಿಂದ ಹಿಡಿದಿಡುವುದು ಏನೂ ಇಲ್ಲದ ಕಾರಣ ಚಾಸಿ ಸ್ವಲ್ಪ ತಿರುಚಿದರೂ ಮೊದಲು ಹಾಳಾಗುವುದು ಬಾಗಿಲ ಸಂದೇ ಎಂದು ಮಾವ ವಿವರಿಸಿದರು. ಬಾನೆಟ್ಟಿನ ಲೂವರ್ ಸಾಲಿನ ಮೇಲೆ ಬಹಳ ಹೊತ್ತು ಕಣ್ಣಾಡಿಸಿದರು. ಒಂದೊಂದು ಸೀಳು ಒತ್ತಿದಾಗಲೂ ತಗಡು ಹಿಗ್ಗುತ್ತದೆ. ಅಷ್ಟು ಸಾಲು ಒತ್ತಿದ ಮೇಲೂ ತಗಡು ಉಬ್ಬದೆ ಉಳಿದಿದೆ ಅಂದರೆ ಒತ್ತಿದವನು ಬಲ್ಲವನು.

ಕಾರಿನ ಯಜಮಾನರು ಮಡಚುಕುರ್ಚಿಯಲ್ಲಿ ಕೂತು ಇದನ್ನೆಲ್ಲ ಗಮನಿಸುತ್ತಿದ್ದರು. ಮಾವನ ವಯಸ್ಸೇ. ಎದ್ದು ಬಂದು, ಇವರು ಬಾಡಿ ಕೆಲಸದವರಾ ಎಂದು ಕೇಳಿದರು. ಹೌದೆಂದೆ. ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಮಾವನ ಕೈಗೆ ಕೊಟ್ಟು ಬಾಗಿಲ ಕಡೆ ಸನ್ನೆ ಮಾಡಿದರು. ಮಾವ ಬಟ್ಟೆಯನ್ನು ಅಂಗೈ ಕೆಳಗೆ ಹರಡಿ, ಭಾರ ಬಿಡದೆ ಉದ್ದಕ್ಕೂ ಸವರಿದರು. ಬರಿಗೈ ಬೆವರಿಗೆ ಅಂಟುತ್ತದೆ, ಬಟ್ಟೆಯಿದ್ದರೆ ಕೂದಲೆಳೆಯಷ್ಟು ತಗ್ಗೂ ಗೊತ್ತಾಗುತ್ತದೆ. ಬಾಗಿಲ ಕೆಳಮೂಲೆಯಲ್ಲಿ ಕೈ ನಿಂತಿತು. ಬೆರಳಿಂದ ಅಲ್ಲಿ ಮೆಲ್ಲಗೆ ತಟ್ಟಿ ಯಜಮಾನರ ಮುಖ ನೋಡಿದರು. ಆತ ಗಟ್ಟಿಯಾಗಿ ನಕ್ಕರು. ಆ ಮೂಲೆ ತುಕ್ಕು ತಿಂದು ಹೋಗಿತ್ತಂತೆ. ಹೊಸ ತಗಡು ಬೆಸೆದು, ಪುಟ್ಟಿ ಮುಟ್ಟದೆ, ಹಳೇ ಪದ್ಧತಿಯಂತೆ ಸೀಸ ಕರಗಿಸಿ ತುಂಬಿ ಅರದಿಂದ ಉಜ್ಜಿದ್ದಂತೆ. ಮಾವನಿಗೆ ಕನ್ನಡದಲ್ಲಿ ಹೇಳಿದೆ. “ನಮ್ಮ ಉಸ್ತಾದರೂ ಹಂಗೇ ಮಾಡ್ತಿದ್ರು ಅಂತ ಹೇಳು ಅವರಿಗೆ,” ಅಂದರು. ಹೇಳಿದೆ. ಆಮೇಲೆ ನನ್ನ ಅಗತ್ಯ ಅವರಿಬ್ಬರಿಗೆ ಅಷ್ಟಾಗಿ ಬೀಳಲಿಲ್ಲ.

ಬಾನೆಟ್ ಎತ್ತಿ ಎಂಜಿನ್ ತೋರಿಸಿದರು. ಫೋರ್ಡ್‌ನ ಫ್ಲಾಟ್‌ಹೆಡ್ ವಿ8. ಅಗ್ಗದ ಕಾರಿಗೆ ಎಂಟು ಸಿಲಿಂಡರ್ ತಂದುಕೊಟ್ಟದ್ದು 1932ರ ಇದೇ ಎಂಜಿನ್. 221 ಘನ ಇಂಚು, 65 ಅಶ್ವಶಕ್ತಿ. ವಾಲ್ವ್‌ಗಳೆಲ್ಲ ಬ್ಲಾಕಿನೊಳಗೇ ಇರುವುದರಿಂದ ಹೆಡ್ ಬರೀ ಚಪ್ಪಟೆ ಮುಚ್ಚಳ. ಬಿಸಿ ಹೊಗೆಯೂ ಬ್ಲಾಕಿನೊಳಗಿಂದಲೇ ಹಾದುಹೋಗುತ್ತದೆ, ಅದಕ್ಕೇ ಬೇಗ ಕಾಯುವ ಗುಣ. ಇದರ ಮೇಲೆ ಎರಡು ಸ್ಟ್ರಾಮ್‌ಬರ್ಗ್ 97 ಕಾರ್ಬ್ಯುರೇಟರ್ ಕೂತಿದ್ದವು. ಮುಂದಿನ ಆಕ್ಸಲ್ ಎರಡೂ ತುದಿಯಲ್ಲಿ ಮೇಲಕ್ಕೆ ಬಾಗಿತ್ತು. ಕಾಯಿಸಿ ಎಳೆದು ಹೀಗೆ ಬಗ್ಗಿಸಿದರೆ ಸ್ಪ್ರಿಂಗ್ ಕೆಲಸಕ್ಕೆ ತೊಂದರೆಯಾಗದೆ ಮೂತಿ ಕೆಳಗಿಳಿಯುತ್ತದೆ. ಮಾವ ಬಗ್ಗಿ ಅದನ್ನು ನೋಡಿ, “ಕುಲುಮೆ ಕೆಲಸ,” ಎಂದು ತಲೆದೂಗಿದರು.

ನಮ್ಮಿಬ್ಬರಿಗೆ ಅಭಿಪ್ರಾಯ ಬೇರೆಯಾದದ್ದು ಹೊರಗೆ, ಬಿಸಿಲಲ್ಲಿ, ಜನ ಮನೆಯಿಂದ ಓಡಿಸಿಕೊಂಡು ಬಂದು ನಿಲ್ಲಿಸಿದ್ದ ಕಾರುಗಳ ನಡುವೆ. ಅಲ್ಲೊಂದು ಮಾಡೆಲ್ ಎ ರೋಡ್‌ಸ್ಟರ್. ಬಾಡಿಯ ನೆಲ ಕತ್ತರಿಸಿ ಚಾಸಿಯ ಮೇಲಿಂದ ಕೆಳಕ್ಕೆ ಇಳಿಸಿದ್ದರು. ಇದಕ್ಕೆ ಚಾನೆಲಿಂಗ್ ಅನ್ನುತ್ತಾರೆ. ಬಣ್ಣವಿಲ್ಲ, ಪ್ರೈಮರ್ ಮಾತ್ರ; ಗ್ಯಾಸ್ ವೆಲ್ಡಿಂಗ್ ಗುರುತು ಹಾಗೇ ಕಾಣುತ್ತಿತ್ತು. ಮಾವನಿಗೆ ಇಡೀ ದಿನದಲ್ಲಿ ಅದೇ ಮೇಲು. ಬಣ್ಣ ಏನನ್ನೂ ಮುಚ್ಚಿಲ್ಲ, ಕೈ ಎಲ್ಲೆಲ್ಲಿ ಓಡಿದೆ ಅಂತ ಓದಬಹುದು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಾಡಿ ಇಳಿಸಿದರೆ ಕಾರು ನೆಲಕ್ಕಂಟುತ್ತದೆ ನಿಜ, ಆದರೆ ಬಾಗಿಲು ಕಿರಿದಾಗಿ ಕಂಡು ಅಳತೆ ಕೆಡುತ್ತದೆ. ಕಪ್ಪು ಡ್ಯೂಸ್‌ನಲ್ಲಿ ಬಾಡಿ, ರೈಲು, ಚಕ್ರ ಮೂರೂ ತಮ್ಮ ತಮ್ಮ ಜಾಗ ಬಿಟ್ಟುಕೊಡದೆ ನಿಂತಿದ್ದವು. ಊಟದ ಹೊತ್ತಿನಲ್ಲೂ ವಾದ ಮುಂದುವರಿಯಿತು, ಇಬ್ಬರೂ ಸೋಲಲಿಲ್ಲ.

ಎಲ್ ಮಿರಾಜ್‌ನಲ್ಲಿ ಈಗಲೂ ರೇಸು ನಡೆಯುತ್ತದೆ. 1937ರಲ್ಲಿ ಹುಟ್ಟಿದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅದನ್ನು ನಡೆಸುತ್ತದೆ. ಮೇ ತಿಂಗಳಲ್ಲಿ ಶುರು. ಅಷ್ಟರಲ್ಲಿ ಮಾವ ಊರಲ್ಲಿರುತ್ತಾರೆ. ನಾನು ಹೋಗಿ ಫೋಟೋ ಕಳಿಸುತ್ತೇನೆ ಅಂದೆ.

“ಕಳಿಸು. ಮುಂದೆ ನಿಂತು ತೆಗೀಬೇಡ, ಎಲ್ಲರೂ ಅಲ್ಲಿಂದಾನೇ ತೆಗೀತಾರೆ. ಹಿಂದೆ ಕೂತು, ಬಾಗಿಲ ಸಂದು ಕಾಣೋ ಹಂಗೆ ತೆಗಿ.”