ಒಗ್ಗರಣೆಗೆ ಕೂಗಿದ್ದು

ಅಮ್ಮ ಮೈಸೂರಿನಿಂದ ನಮ್ಮ ನ್ಯೂಜೆರ್ಸಿ ಮನೆಗೆ ಬಂದು ಮೂರು ದಿನವಾಗಿತ್ತು. ಸಾರಿನ ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೇ ತಡ, ಸೀಲಿಂಗ್‌ನಲ್ಲಿದ್ದ ಸ್ಮೋಕ್ ಅಲಾರಂ ಕಿವಿ ತೂತಾಗುವ ಹಾಗೆ ಕೂಗಿತು. ಅಮ್ಮ ಸೌಟು ಹಿಡಿದೇ ಅಂಗಳಕ್ಕೆ ಓಡಿದಳು. ನಾನು ಕುರ್ಚಿ ಹತ್ತಿ ಅದನ್ನು ಕಿತ್ತೆ.

ಹಿಂಬದಿ ನೋಡಿದರೆ, ತಯಾರಾದ ವರ್ಷ 2009! ಇವುಗಳ ಆಯಸ್ಸು ಹತ್ತೇ ವರ್ಷ. ಬ್ಯಾಟರಿ ಬದಲಾಯಿಸಿದ್ದು ಬಿಟ್ಟರೆ ನಾನು ಅದರ ಬೆನ್ನು ನೋಡಿದವನೇ ಅಲ್ಲ. ಒಲೆಯಿಂದ ಹತ್ತು ಅಡಿಯಾದರೂ ದೂರ ಇರಬೇಕು, ಇದು ಆರಡಿಯಲ್ಲಿತ್ತು. ಸಾಲದ್ದಕ್ಕೆ ಅಯೋನೈಸೇಷನ್ ಬಗೆಯದು, ಅಡುಗೆಮನೆ ಹೊಗೆಗೂ ಬೊಬ್ಬೆ ಹೊಡೆಯುವಂಥದ್ದು.

ಶನಿವಾರ ಫೋಟೋಎಲೆಕ್ಟ್ರಿಕ್ ಅಲಾರಂಗಳನ್ನು ತಂದೆ. ಸೋಫಾ, ಹಾಸಿಗೆಯಂಥವು ಒಳಗೊಳಗೇ ಕಮರಿ ಹೊಗೆಯಾಡಿದರೆ ಈ ಅಲಾರಂಗಳು ಬೇಗ ಪತ್ತೆ ಹಚ್ಚುತ್ತವೆ. ಪ್ರತಿ ಬೆಡ್‌ರೂಮಿಗೆ ಒಂದು, ಹೊರಗಿನ ಓಣಿಗೆ ಒಂದು, ಬೇಸ್‌ಮೆಂಟಿಗೆ ಒಂದು. ಹೊಗೆ ಮೇಲೇರುತ್ತೆ, ಹಾಗಾಗಿ ಎಲ್ಲವೂ ಸೀಲಿಂಗ್‌ಗೇ. ಅಮ್ಮ ಏಣಿ ಹಿಡಿದಿದ್ದಳು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ ತಂದಿದ್ದೆ, ಮಹಡಿಗೊಂದರಂತೆ. ಮಲಗುವ ಕೋಣೆಗಳ ಹೊರಗಿನ ಪ್ಲಗ್‌ಗೆ ಒಂದನ್ನು ಸಿಕ್ಕಿಸುವಾಗ ಅಮ್ಮ ಕೇಳಿದಳು, "ಗ್ಯಾಸ್ ಲೀಕಾದ್ರೆ ವಾಸನೆ ಬರಲ್ವೇನೋ? ಇದ್ಯಾಕೆ?"

"ಅದು ಸಿಲಿಂಡರ್ ಗ್ಯಾಸ್ ಅಮ್ಮ. ಗೊತ್ತಾಗಲಿ ಅಂತ ವಾಸನೆ ಬೆರೆಸಿರ್ತಾರೆ. ಇದು ಬೇರೆ, ಬೆಂಕಿ ಗಾಳಿ ಸಾಲದೆ ಉರಿದಾಗ ಹುಟ್ಟೋ ವಿಷಾನಿಲ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಅಂತ ಮಲಗಿದವರು ಏಳೋದೇ ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮ ಬಚ್ಚಲುಮನೆ ಗ್ಯಾಸ್ ಗೀಸರಿಂದಲೂ ಬರತ್ತಾ?"

ನನಗೆ ಕೈಕಾಲು ತಣ್ಣಗಾಯಿತು. ಇಲ್ಲಿ ಏಣಿ ಹತ್ತಿಳಿಯುತ್ತಿದ್ದವನಿಗೆ ಅದು ಹೊಳೆದೇ ಇರಲಿಲ್ಲ. ಚಳಿಗೆ ಅಂತ ವೆಂಟಿಲೇಟರ್‌ಗೆ ರಟ್ಟು ಮುಚ್ಚಿದ ಬಚ್ಚಲು, ನಲ್ಲಿಯ ಮೇಲೆಯೇ ಗೀಸರ್. ಅದರೊಳಗೆ ಚಿಲಕ ಹಾಕಿಕೊಂಡು ಅಪ್ಪ ಅರ್ಧ ಗಂಟೆ ಸ್ನಾನ ಮಾಡುತ್ತಾರೆ. ಮನೆಯಲ್ಲಿ ಈಗ ಒಬ್ಬರೇ.

ತಕ್ಷಣ ಫೋನ್ ಮಾಡಿದೆ. "ರಟ್ಟು ತೆಗೆದ್ರೆ ಸೊಳ್ಳೆ ಬರತ್ತಪ್ಪ," ಅಂದರು ಅಪ್ಪ. ಒಂದು ಅಲಾರಂ ಕಳಿಸಲಾ ಅಂದುಕೊಂಡೆ. ಆದರೆ ಆವಿ ತುಂಬಿದ ಬಚ್ಚಲೊಳಗೆ ಅದನ್ನು ಇಡುವಂತಿಲ್ಲ. ಗೀಸರ್ ಹೊರಗೆ ಹಾಕಿಸಿ ಬರೀ ಪೈಪು ಒಳಗೆ ತರಬೇಕು, ಅಷ್ಟೇ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು.

"ಸೊಳ್ಳೆ ಕಚ್ಚಿದ್ರೆ ಕಚ್ಲಿ, ಮೊದ್ಲು ಆ ರಟ್ಟು ಕೀಳ್ರೀ. ನಾಳೆಯಿಂದ ಒಲೆ ಮೇಲೆ ನೀರು ಕಾಯಿಸ್ಕೊಳ್ಳಿ. ಪ್ಲಂಬರ್ ಬಂದು ಗೀಸರ್ ಹೊರಗೆ ಹಾಕೋವರೆಗೂ ಅದನ್ನ ಮುಟ್ಟಕೂಡದು. ಏನಂದೆ, ಕೇಳಿಸ್ತಾ?"